ಅರ್ಧ ಕೋಲಿನ ಗಾಯಕ

ಮಹಾನವಮಿ ಹತ್ತಿರ ಬಂದಿದೆ. ಬಳ್ಳಾರಿಯಲ್ಲಿ ಮಹಾನವಮಿ ಎಂದರೆ ಮೊದಲು ಧೂಳು, ಆಮೇಲೆ ದೇವರು. ವರ್ಷವಿಡೀ ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ನೆಲೆಸಿದ ಕೆಂಪು ಧೂಳನ್ನು ಸೂರಿನಿಂದ ಹೊಸ್ತಿಲವರೆಗೆ ಇಳಿಸಿ ಹೊರಗೆ ಹಾಕಿದ ಮೇಲಷ್ಟೇ ಘಟ್ಟದ ಮಾತು, ಬನ್ನಿಯ ಮಾತು. ಈ ಕೆಲಸಕ್ಕೆಂದೇ ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುವ ಒಂದು ಅಲ್ಯೂಮಿನಿಯಂ ಕೋಲಿದೆ, ಅಥವಾ ಇತ್ತು. ಎರಡು ತುಂಡು, ನಡುವೆ ತಿರುಪು, ತುದಿಗೆ ದುಂಡನೆಯ ಬ್ರಷ್ಷು. ಅದರ ಮೇಲಿನ ಅರ್ಧ ಈಗ ಮಹಡಿಯ ಮನೆಯಲ್ಲಿದೆ. ನಮ್ಮ ಪಾಲಿಗೆ ಉಳಿದ ಕೆಳಗಿನ ಅರ್ಧದಿಂದ ಬೀದಿನಾಯಿಯನ್ನು ಹೆದರಿಸಬಹುದೇ ಹೊರತು ಬೇರೆ ಪ್ರಯೋಜನವಿಲ್ಲ. ನನ್ನ ಹೆಂಡತಿ ಆ ಮೊಂಡು ಕೋಲಿಗೆ ಪೊರಕೆ ಕಟ್ಟಿಕೊಂಡು ಸ್ಟೂಲು ಹತ್ತಿ, ಫ್ಯಾನಿನ ಮೇಲಿನ ಬಲೆಯನ್ನು ಮುಟ್ಟಲಾಗದೆ, ಸ್ಟೂಲು ಹಿಡಿದು ನಿಂತ ನನ್ನ ಕಡೆಗೆ ಮೇಲಿನಿಂದ ಬೀರುವ ನೋಟದಲ್ಲಿ ಈ ಪ್ರಕರಣದ ಆರೋಪಿ ನಾನೇ ಎಂಬ ತೀರ್ಪು ಸ್ಪಷ್ಟವಾಗಿರುತ್ತದೆ. ಆದರೆ ನಿಜವಾದ ಆರೋಪಿ ಫ್ರೆಡ್ಡಿ ಮರ್ಕ್ಯುರಿ.

ಲಂಡನ್ನಿನಲ್ಲಿ ಬಾಳಿ 1991ರಲ್ಲೇ ತೀರಿಕೊಂಡ ರಾಕ್ ಗಾಯಕನೊಬ್ಬ ಬಳ್ಳಾರಿಯ ಬಾಡಿಗೆ ಮನೆಯೊಂದರ ಕೋಲನ್ನು ಮುರಿದದ್ದು ಹೇಗೆಂದರೆ, ಮಹಡಿಯ ಮೇಲಿರುವ ನಮ್ಮ ಮನೆ ಮಾಲೀಕರಿಗೆ ಒಬ್ಬ ಮಗನಿದ್ದಾನೆ. ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂದು ಮಾಲೀಕರು ಹೇಳುತ್ತಾರೆ. ಹಾಡುಗಾರ ಎಂದು ಅವನು ಹೇಳುತ್ತಾನೆ. ಫ್ರೆಡ್ಡಿ ಇನ್ನೂ ಹೆಸರು ಮಾಡದೆ, ಸಣ್ಣಪುಟ್ಟ ತಂಡಗಳ ಜೊತೆ ಹಾಡಿಕೊಂಡಿದ್ದ ದಿನಗಳಲ್ಲಿ, ಕಾರ್ಯಕ್ರಮದ ನಡುವೆ ಮೈಕಿನ ಸ್ಟ್ಯಾಂಡು ಎರಡಾಗಿ, ಬುಡ ನೆಲದಲ್ಲೇ ಉಳಿದು ಮೇಲಿನ ತುಂಡು ಮಾತ್ರ ಕೈಗೆ ಬಂದಿತಂತೆ. ಆತ ಅದನ್ನೇ ಹಿಡಿದು ವೇದಿಕೆಯ ತುಂಬ ಓಡಾಡಿ ಹಾಡಿದ. ಆಮೇಲೆ ಬುಡವಿಲ್ಲದ ಆ ಅರ್ಧ ಸ್ಟ್ಯಾಂಡೇ ಅವನ ಗುರುತಾಯಿತು. ಈ ಕಥೆಯನ್ನು ಕೇಳಿದ ದಿನವೇ ನಮ್ಮ ಹುಡುಗ ಕೆಳಗಿಳಿದು ಬಂದು, "ಆಂಟಿ, ಆ ಬಲಿ ತೆಗಿಯೋ ಕೋಲು ಒಂದ್ ಸ್ವಲ್ಪ ಕೊಡ್ರಿ" ಎಂದ. ಆ ಮನೆಯಲ್ಲೂ ಸ್ವಚ್ಛತೆಯ ಪ್ರಜ್ಞೆ ಮೂಡಿತೆಂದು ನನ್ನ ಹೆಂಡತಿ ಸಂತೋಷದಿಂದಲೇ ಕೊಟ್ಟಳು. ಅವನು ಬಾಗಿಲಲ್ಲೇ ನಿಂತು ತಿರುಪು ಬಿಚ್ಚಿ, ಕೆಳಗಿನ ಅರ್ಧವನ್ನು ಬಹಳ ಪ್ರಾಮಾಣಿಕನಂತೆ ಅಲ್ಲೇ ಹಿಂದಿರುಗಿಸಿ, ಮೇಲಿನ ಅರ್ಧದೊಡನೆ ಮಾಳಿಗೆ ಹತ್ತಿದ. ಬ್ರಷ್ಷಿದ್ದ ಜಾಗದಲ್ಲಿ ಈಗ ಅವನ ತಾಯಿಯ ಚಹಾ ಸೋಸುವ ಸ್ಟೀಲಿನ ಜರಡಿ ಇದೆ. ದೂರದಿಂದ ನೋಡಿದರೆ ಮೈಕೇ ಅನ್ನಿಸುತ್ತದೆ. ಹತ್ತಿರ ಹೋದರೆ ಚಹಾದ ವಾಸನೆ ಬರುತ್ತದೆ.

ಹಾಡುವುದನ್ನಾದರೂ ಸಹಿಸಬಹುದಿತ್ತು, ಅವನು ಹಾಡುವುದು ಕಡಿಮೆ, ಕೂಗುವುದೇ ಹೆಚ್ಚು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ಇಥಿಯೋಪಿಯದ ಬರಗಾಲ ಪರಿಹಾರಕ್ಕಾಗಿ ನಡೆದ ಲೈವ್ ಏಡ್ ಕಾರ್ಯಕ್ರಮದಲ್ಲಿ, ಫ್ರೆಡ್ಡಿ ಸುಮಾರು 72,000 ಜನರ ಮುಂದೆ ನಿಂತು "ಏ… ಓ" ಎಂದು ಸ್ವರ ತೆಗೆದ. ಅಷ್ಟೂ ಜನ "ಏ… ಓ" ಎಂದು ತಿರುಗಿ ಕೊಟ್ಟರು. ಫ್ರೆಡ್ಡಿಯ ಕ್ವೀನ್ ತಂಡಕ್ಕೆ ಅಲ್ಲಿ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು ಮಾತ್ರ, ಅದರಲ್ಲಿ ಈ ಕೂಗಾಟದ ಪಾಲು ಅತ್ಯಲ್ಪ. ನಮ್ಮ ಓಣಿಯಲ್ಲಿ ಕಾಲಮಿತಿಯಿಲ್ಲ. ಹುಡುಗ ಮಾಳಿಗೆಯ ಅಂಚಿಗೆ ಬಂದು, ಜರಡಿಯನ್ನು ಆಕಾಶಕ್ಕೆತ್ತಿ, ಕೆಳಗಿನ ಜನಸಾಗರಕ್ಕೆ, ಅಂದರೆ ಎರಡು ಸ್ಕೂಟರು, ನಳದ ಮುಂದಿಟ್ಟ ಕೊಡಗಳ ಸಾಲು ಮತ್ತು ಮಲಗಿದ ಎಮ್ಮೆಗೆ, "ಏ… ಓ" ಎಂದು ಕರೆ ಕೊಡುತ್ತಾನೆ.

ಮೊದಲು ಓಗೊಟ್ಟವನು ತಳ್ಳುಗಾಡಿಯ ತರಕಾರಿಯವನು. ಯಾರೋ ಗಿರಾಕಿ ಕರೆದರೆಂದು ಗಾಡಿ ನಿಲ್ಲಿಸಿ, ಕತ್ತೆತ್ತಿ, "ಏಂ ಕಾವಾಲ ಸಾಮೀ?" ಎಂದು ಕೇಳಿದ. ಮೇಲಿನಿಂದ ಮತ್ತೊಮ್ಮೆ "ಏ… ಓ" ಬಂತು. ತೆಲುಗು ತಿಳಿಯದವರಿರಬೇಕೆಂದು ಅವನು ಕನ್ನಡಕ್ಕೆ ಹೊರಳಿ, "ಏನ್ ಬೇಕ್ರಿ, ಟಮೋಟ ಕೊಡ್ಲಾ?" ಎಂದ. ಮೇಲಿನಿಂದ ಇನ್ನೂ ಉದ್ದನೆಯ "ಏ… ಓ". ಅವನು ಉರ್ದುವಿನಲ್ಲೂ ಒಂದು ಸಲ ವಿಚಾರಿಸಿದ. ಬಳ್ಳಾರಿಯಲ್ಲಿ ವ್ಯಾಪಾರ ಮಾಡುವವನಿಗೆ ಮೂರು ಭಾಷೆಯ ನಂತರವೇ ನಿರಾಶೆ ಹುಟ್ಟುವುದು. ಅಂದು ಗೊಣಗುತ್ತಾ ಹೋದವನು ಮರುದಿನ ಅದೇ ಜಾಗದಲ್ಲಿ ಮತ್ತೆ ಮೋಸಹೋದ. ಕೆಲವು ದಿನಗಳ ಬಳಿಕ ಅವನಿಗೆ ಇದು ಗಿರಾಕಿಯ ಕೂಗಲ್ಲ, ಪ್ರತಿಸ್ಪರ್ಧಿಯ ಕೂಗು ಎಂದು ಮನವರಿಕೆಯಾಗಿರಬೇಕು. ಹುಡುಗ "ಏ… ಓ" ಎನ್ನುತ್ತಿದ್ದಂತೆಯೇ ಅವನು ಓಣಿಯ ತಿರುವಿನಿಂದ "ಟಮೋಟೋ… ಓ" ಎಂದು ಎತ್ತಿದ. ಹುಡುಗ ಇನ್ನೊಂದು ಮೆಟ್ಟಿಲು ಮೇಲೆ ಹೋದ. ಇವನು "ಈರುಳ್ಳೀ… ಓ" ಎಂದು ಎರಡು ಮೆಟ್ಟಿಲು ಹತ್ತಿ, ಅಲ್ಲೇ ನಿಂತು, ಸ್ವರವನ್ನು ಅಲುಗಿಸದೆ ಗಾಡಿಯನ್ನು ಗುಂಡಿಯಿಂದ ಎತ್ತಿ ದಾಟಿಸಿದ. ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಶ್ರುತಿ, ಉಸಿರು ಮತ್ತು ಜನರನ್ನು ಮನೆಯಿಂದ ಹೊರಗೆ ಬರಿಸುವ ಶಕ್ತಿ, ಈ ಮೂರರಲ್ಲೂ ತರಕಾರಿಯವನೇ ಮುಂದಿದ್ದ. ಅವನು ಜರಡಿಯಿಲ್ಲದೆಯೇ ಹಾಡುತ್ತಿದ್ದ ಎಂಬುದನ್ನೂ ಗಮನಿಸಬೇಕು.

ದೂರು ಕೊಡುವಂತಿಲ್ಲ, ಏಕೆಂದರೆ ಬಾಡಿಗೆ ಕೊಡುವವರು ನಾವು. ಒಂದೆರಡು ಸಲ ನಯವಾಗಿ ವಿಷಯವೆತ್ತಿದಾಗ ಹುಡುಗ ನನಗೇ ಇತಿಹಾಸ ಕಲಿಸಿದ. ಫ್ರೆಡ್ಡಿಯ ನಿಜವಾದ ಹೆಸರು ಫರೋಖ್ ಬುಲ್ಸಾರಾ. ಗುಜರಾತಿನ ಮೂಲದ ಪಾರ್ಸಿ ಮನೆತನ. ಹುಟ್ಟಿದ್ದು 1946ರ ಸೆಪ್ಟೆಂಬರಿನಲ್ಲಿ, ಆಫ್ರಿಕಾದ ಪೂರ್ವ ಕರಾವಳಿಯ ದ್ವೀಪ ಜಂಜಿಬಾರಿನಲ್ಲಿ. ತಂದೆ ಬೊಮಿ ಬುಲ್ಸಾರಾ ಅಲ್ಲಿಯ ಬ್ರಿಟಿಷ್ ಸರ್ಕಾರದ ಕ್ಯಾಷಿಯರ್. ಇಲ್ಲಿಗೆ ಬರುವಾಗ ಹುಡುಗನ ಕಣ್ಣು ಹೊಳೆಯುತ್ತದೆ, ಏಕೆಂದರೆ ನಮ್ಮ ಮಾಲೀಕರೂ ಸಹಕಾರಿ ಸಂಘವೊಂದರಲ್ಲಿ ಕ್ಯಾಷಿಯರ್. ತಂದೆ ನೋಟು ಎಣಿಸುವುದೇ ಮಗ ರಾಕ್ ಗಾಯಕನಾಗಲು ಮೊದಲ ಅರ್ಹತೆ ಎಂದು ಅವನು ನಂಬಿದ್ದಾನೆ. ತಂದೆ ಆ ಹೋಲಿಕೆಯಿಂದ ಉಬ್ಬಿಹೋಗಿಲ್ಲ.

ಎರಡನೆಯ ಅರ್ಹತೆ ಹಲ್ಲು. ಫ್ರೆಡ್ಡಿಗೆ ನಾಲ್ಕು ಹಲ್ಲು ಹೆಚ್ಚಿಗೆ ಇದ್ದು, ಅವು ಮುಂದಿನ ಹಲ್ಲುಗಳನ್ನು ಹೊರಕ್ಕೆ ತಳ್ಳಿದ್ದವು. ತೆಗೆಸಿದರೆ ಕಂಠ ಕೆಟ್ಟೀತೆಂದು ಆತ ಕೊನೆಯವರೆಗೂ ತೆಗೆಸಲಿಲ್ಲ. ನಮ್ಮ ಹುಡುಗನಿಗೆ ಇರುವುದು ಹೆಚ್ಚಿನ ಹಲ್ಲಲ್ಲ, ಹುಳುಕು ದವಡೆಹಲ್ಲು. ಆದರೂ ಅದನ್ನು ಅವನು ಧ್ವನಿಪೆಟ್ಟಿಗೆಯ ಭಾಗವೆಂದೇ ತಿಳಿದು, ಲವಂಗ ಒತ್ತಿಕೊಂಡು ಅಭ್ಯಾಸ ಮುಂದುವರಿಸಿದ್ದ. "ಡಾಕ್ಟರ ಕಡೀಗೆ ಹೋಗೋಣ ಬಾರೋ" ಎಂದು ತಾಯಿ ಬೇಡಿಕೊಂಡರೆ, ಕ್ವೀನ್ ತಂಡದ ಡ್ರಮ್ಮು ಬಾರಿಸುವ ರೋಜರ್ ಟೇಲರ್ ದಂತವೈದ್ಯಕೀಯ ಓದಲು ಸೇರಿದ್ದವನು, ಪಕ್ಕದಲ್ಲೇ ಇದ್ದರೂ ಅವನೇ ಫ್ರೆಡ್ಡಿಯ ಹಲ್ಲನ್ನು ಮುಟ್ಟಲಿಲ್ಲ, ಇನ್ನು ಗಾಂಧಿನಗರದ ಡಾಕ್ಟರು ಯಾರು ಎಂಬುದು ಅವನ ವಾದ. ಈ ವಾದಕ್ಕೆ ನನ್ನ ಬಳಿಯೂ ಉತ್ತರವಿರಲಿಲ್ಲ.

ತಂದೆಯೂ ಸುಮ್ಮನೆ ಕೂರದೆ ಅದೇ ಇತಿಹಾಸವನ್ನು ಓದಿಕೊಂಡರು, ಆದರೆ ಬೇರೆ ಪುಟಗಳನ್ನು. ಆ ತಂಡದಲ್ಲಿ ಗಿಟಾರ್ ನುಡಿಸುವ ಬ್ರಯಾನ್ ಮೇ ಸಂಗೀತಕ್ಕಾಗಿ ಅರ್ಧಕ್ಕೆ ಬಿಟ್ಟಿದ್ದ ಸಂಶೋಧನೆಯನ್ನು ಮೂರು ದಶಕಗಳ ನಂತರ ಮತ್ತೆ ಹಿಡಿದು, 2007ರಲ್ಲಿ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದದ್ದು ಅವರಿಗೆ ಸಿಕ್ಕಿತು. ಬೇಸ್ ಗಿಟಾರ್ ನುಡಿಸುವ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. ರೋಜರ್ ಟೇಲರ್ ಹಲ್ಲು ಬಿಟ್ಟರೂ ಜೀವಶಾಸ್ತ್ರ ಓದಿದ. ಫ್ರೆಡ್ಡಿಯೇ ಈಲಿಂಗಿನ ಕಲಾಶಾಲೆಯಲ್ಲಿ ಗ್ರಾಫಿಕ್ ವಿನ್ಯಾಸ ಕಲಿತು 1969ರಲ್ಲಿ ಹೊರಬಂದವನು. ತಂಡದ ಲಾಂಛನವನ್ನು ಬರೆದದ್ದೂ ಅವನೇ. "ನಾಕೂ ಮಂದಿ ಓದಿದವ್ರು! ನಿನ್ನವು ಎಷ್ಟು ಸಬ್ಜೆಕ್ಟು ಉಳದಾವು?" ಎಂದು ತಂದೆ ಮೆಟ್ಟಿಲಿನ ಮೇಲೆ ನಿಂತು ಕೇಳಿದ್ದು ನಮಗೂ ಕೇಳಿಸಿತು. ಬ್ರಯಾನ್ ಮೇ ಅಧ್ಯಯನ ಮಾಡಿದ್ದು ಗ್ರಹಗಳ ನಡುವೆ ತೇಲುವ ಧೂಳನ್ನು. ಧೂಳಿನ ಮೇಲೆ ಡಾಕ್ಟರೇಟ್ ಕೊಡುತ್ತಾರೆಂದು ತಿಳಿದ ಮೇಲೆ ನನಗೆ, ಅದಿರಿನ ಲಾರಿಗಳ ಹಿಂದೆ ಸ್ಕೂಟರಿನಲ್ಲಿ ಕಳೆದ ನನ್ನ ಯೌವನದ ಬಗ್ಗೆ ಸ್ವಲ್ಪ ಹೆಮ್ಮೆಯೂ ಮೂಡಿತು.

ವೇದಿಕೆಗೆ ಹೋಗುವ ದಾರಿ ಎಷ್ಟು ಉದ್ದವೆಂಬುದೇ ನನ್ನನ್ನು ನಿಜವಾಗಿ ಕಂಗೆಡಿಸಿದ್ದು. ಪುಟ್ಟ ಫರೋಖನನ್ನು ಹಡಗು ಹತ್ತಿಸಿ ಮಹಾರಾಷ್ಟ್ರದ ಪಂಚಗಣಿಯ ವಸತಿ ಶಾಲೆಗೆ ಕಳಿಸಿದ್ದರು. ಅಲ್ಲಿ ಅವನು ಪಿಯಾನೊ ಕಲಿತು, 1958ರಲ್ಲಿ ಗೆಳೆಯರೊಡನೆ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿದ. ಗಮನಿಸಿ, ಆ ತಂಡದಲ್ಲಿ ಅವನು ಮುಖ್ಯ ಗಾಯಕನಾಗಿರಲಿಲ್ಲ, ಪಿಯಾನೊದ ಮುಂದೆ ಕುಳಿತಿರುತ್ತಿದ್ದ. (ಈ ಅಂಶವನ್ನು ನಾನು ಹುಡುಗನಿಗೆ ಅನೇಕ ಸಲ ಒತ್ತಿ ಹೇಳಿದ್ದೇನೆ.) 1964ರಲ್ಲಿ ಜಂಜಿಬಾರಿನಲ್ಲಿ ಕ್ರಾಂತಿಯಾಗಿ ಕುಟುಂಬ ಇಂಗ್ಲೆಂಡಿಗೆ ಓಡಿತು. ಅಲ್ಲಿ ಕಲಾಶಾಲೆ, ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಹಳೆಯ ಬಟ್ಟೆಯ ಅಂಗಡಿ, ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸ. 1970ರಲ್ಲಿ ಬ್ರಯಾನ್, ರೋಜರರೊಡನೆ ಸೇರಿ ಕ್ವೀನ್ ಆಯಿತು. ಮೊದಲ ಆಲ್ಬಮ್ ಬಂದದ್ದು 1973ರಲ್ಲಿ. ಲೆಕ್ಕ ಹಾಕಿ. ಮೊದಲ ತಂಡದಿಂದ ಮೊದಲ ಆಲ್ಬಮ್ಮಿಗೆ ಹದಿನೈದು ವರ್ಷ. ಆ ಪ್ರಮಾಣದಲ್ಲಿ ನಮ್ಮ ಕೋಲು ಮರಳಿ ಬರುವ ವೇಳೆಗೆ ಜೇಡಗಳ ಎಷ್ಟು ತಲೆಮಾರು ನಮ್ಮ ಫ್ಯಾನಿನ ಮೇಲೆ ಬಾಳಿ ಹೋಗಿರುತ್ತವೋ!

ಆ ಕುಟುಂಬ ನೆಲೆನಿಂತದ್ದು ಲಂಡನ್ನಿನ ಹೊರವಲಯದ ಫೆಲ್ಥಮ್ ಎಂಬಲ್ಲಿ, ಒಂದು ಸಾಧಾರಣ ಮನೆಯಲ್ಲಿ. 2016ರಲ್ಲಿ ಆ ಮನೆಯ ಗೋಡೆಗೆ, ಮಹನೀಯರು ಬಾಳಿದ ಮನೆಗಳಿಗೆ ಹಾಕುವ ನೀಲಿ ಫಲಕವನ್ನು ಹಾಕಿದರು. ಫ್ರೆಡ್ಡಿ ಇದ್ದ ಮನೆಗೆ ಫಲಕ ಸಂದಿತು, ಸರಿ, ಪಕ್ಕದ ಮನೆಗೆ? ಅಲ್ಲಿದ್ದವರು ರಾತ್ರಿಪಾಳಿ ಮುಗಿಸಿ ಮಲಗಿದ್ದಿರಬಹುದು, ಮಗುವನ್ನು ತಟ್ಟಿ ಮಲಗಿಸುತ್ತಿದ್ದಿರಬಹುದು. ಗೋಡೆಯಾಚೆಯಿಂದ ಇನ್ನೂ ಯಾರಿಗೂ ಬೇಡವಾದ ಆ ಕಂಠವನ್ನು ಪುಕ್ಕಟೆಯಾಗಿ, ಬಲವಂತವಾಗಿ ಕೇಳಿರಬೇಕು. ಗಾಯಕರ ಚರಿತ್ರೆ ಬರೆಯುವವರು ಗುರುವನ್ನು, ಗೆಳೆಯರನ್ನು, ಗಿಟಾರನ್ನು ನೆನೆಯುತ್ತಾರೆ, ನೆರೆಮನೆಯವರನ್ನು ನೆನೆಯುವುದಿಲ್ಲ. ನಮ್ಮ ಊರಿನದೂ ಇದೇ ಕಥೆ. ವಕೀಲಿಕೆ ಮಾಡುತ್ತಲೇ ರಂಗಭೂಮಿಯನ್ನು ಆಳಿದ ಬಳ್ಳಾರಿ ರಾಘವರ ಹೆಸರಿನಲ್ಲಿ ರಾಘವ ಕಲಾಮಂದಿರವಿದೆ. ಬೆಳಿಗ್ಗೆ ಕಕ್ಷಿದಾರರು, ಸಂಜೆ ಬಣ್ಣ. ನಡುವೆ ಯಾವುದೋ ಹೊತ್ತಿನಲ್ಲಿ ಮನೆಯಂಗಳದಲ್ಲಿ ಅವರು ಸಂಭಾಷಣೆ ಒಪ್ಪಿಸಿಕೊಳ್ಳುವಾಗ ಗೋಡೆಯಾಚೆ ದೀಪ ಆರಿಸದೆ ಕುಳಿತು ಕೇಳಿದವರು ಯಾರೋ ಇದ್ದಿರಬೇಕು. ಸಿಟ್ಟಿನಿಂದ ಕೇಳಿದರೋ, ಆಸೆಯಿಂದ ಕೇಳಿದರೋ ಯಾರು ಬಲ್ಲರು? ಅವರಾರೂ ಈಗಿಲ್ಲ. ಅಂದಹಾಗೆ, ರಾಘವರು ತೀರಿಕೊಂಡದ್ದು 1946ರ ಏಪ್ರಿಲಿನಲ್ಲಿ, ಫ್ರೆಡ್ಡಿ ಹುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಈ ಸಂಗತಿ ಮೇಲಿನ ಹುಡುಗನ ಕಿವಿಗೆ ಬೀಳದಂತೆ ನೋಡಿಕೊಂಡಿದ್ದೇನೆ. ತಿಳಿದರೆ ಬಳ್ಳಾರಿಯ ಮೂಲಕ ಪುನರ್ಜನ್ಮದ ಸರಪಳಿಯನ್ನೇ ಎಳೆದುಕೊಂಡು ಬರುತ್ತಾನೆ.

ಗಣೇಶನ ಹಬ್ಬಕ್ಕೆ ಓಣಿಯ ಪೆಂಡಾಲಿನಲ್ಲಿ ಅವನಿಗೆ ಅವಕಾಶ ಸಿಕ್ಕಿತು. ಚಂದಾ ಹೆಚ್ಚು ಕೊಟ್ಟವರ ಮಗ ಎಂಬುದು ಅದಕ್ಕೆ ಕಾರಣ. ವೆಂಬ್ಲಿಯಲ್ಲಿ ಫ್ರೆಡ್ಡಿ ಬಿಳಿ ಬನಿಯನ್ನು, ತಿಳಿನೀಲಿ ಜೀನ್ಸು ತೊಟ್ಟಿದ್ದ. ಜೀನ್ಸಿಗೆ ಬಳ್ಳಾರಿಯಲ್ಲಿ ಬರವೇ? ಊರೇ ಜೀನ್ಸು ಹೊಲಿಯುತ್ತದೆ. ತಕರಾರು ಬಂದದ್ದು ಬನಿಯನ್ನಿನ ಬಗ್ಗೆ. ಗಣಪ್ಪನ ಮುಂದೆ ಬನಿಯನ್ನಿನಲ್ಲಿ ನಿಲ್ಲಲು ಬಿಡುವುದಿಲ್ಲವೆಂದು ತಾಯಿ ಹಟ ಹಿಡಿದು, ಅದರ ಮೇಲೆ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕಿಸಿಯೇ ಕಳಿಸಿದರು. ಹೆಸರನ್ನೂ ಬದಲಿಸಿಕೊಳ್ಳಬೇಕೆಂದಿದ್ದ, ನಮ್ಮ ಸೀಮೆಯ ಅವಧೂತ ಎರ್ರಿತಾತನ ಹರಕೆಯಿಂದ ಹುಟ್ಟಿ ಅವನ ಹೆಸರನ್ನೇ ಹೊತ್ತವನಿಗೆ ಅದು ಸಾಧ್ಯವಾಗಲಿಲ್ಲ.

ವೇದಿಕೆಯ ಮೇಲೆ ನಿಜವಾದ ಮೈಕ್ ಸ್ಟ್ಯಾಂಡಿತ್ತು. ಹುಡುಗ ಅದರ ಕತ್ತು ಹಿಡಿದು ಜಗ್ಗಿದ. ಅದು ತಿರುಪಿನದಲ್ಲ, ವೆಲ್ಡಿಂಗ್ ಮಾಡಿದ್ದು. ಬುಡದಲ್ಲಿ ಲಾರಿಯ ಯಾವುದೋ ಬಿಡಿಭಾಗವನ್ನೇ ಕೂರಿಸಿದ್ದರು. ಕಾಲು ಕೊಟ್ಟು ಮತ್ತೊಮ್ಮೆ ಜಗ್ಗಿದ. ಸೌಂಡ್ ಸಿಸ್ಟಮ್ಮಿನವನು ತನ್ನ ಪೆಟ್ಟಿಗೆಯ ಹಿಂದಿನಿಂದ ಎದ್ದು, ಇನ್ನೊಂದು ಮೈಕಿನಲ್ಲೇ, ಇಡೀ ಓಣಿಗೆ ಕೇಳುವಂತೆ, "ತಮ್ಮಾ, ಸ್ಟ್ಯಾಂಡ್ ಮುರೀಬ್ಯಾಡ, ಬಾಡಿಗಿದು ಐತಿ!" ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಹುಡುಗ ಕಲಿತಿದ್ದ ಹಾಡು ಎಲ್ಲಿ ಹೋಯಿತೋ, ಬಾಯಿ ತೆರೆದರೆ ಉಳಿದದ್ದು ಅದೊಂದೇ: "ಏ… ಓ".

ಆಗ ನಡೆದದ್ದನ್ನು ಹೇಳಲೇಬೇಕು. ಇಡೀ ಓಣಿ "ಏ… ಓ" ಎಂದಿತು. ತಿಂಗಳುಗಟ್ಟಲೆ ನೀರು ಹಿಡಿಯುವಾಗ, ರೊಟ್ಟಿ ಬಡಿಯುವಾಗ, ಸಿಟ್ಟಿನಿಂದ ಬಾಗಿಲು ಹಾಕಿಕೊಳ್ಳುವಾಗ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು. ಮೇಲೇರಿದಲ್ಲಿ ಏರಿದರು, ಇಳಿದಲ್ಲಿ ಇಳಿದರು, ಉಸಿರು ಮುಗಿಯುವ ಜಾಗವೂ ಅವರಿಗೆ ಗೊತ್ತಿತ್ತು. ನನ್ನ ಹೆಂಡತಿಯ ಗಂಟಲು ಅಷ್ಟು ಜೋರಾಗಿದೆಯೆಂದು ನನಗೆ ಅಂದೇ ತಿಳಿದದ್ದು. ಎಲ್ಲರೂ ಸುಮ್ಮನಾದ ಮೇಲೆ ಹಿಂದಿನಿಂದ, ಎಲ್ಲಕ್ಕಿಂತ ಉದ್ದವಾಗಿ, ಒಂದಿಷ್ಟೂ ನಡುಗದೆ, "ಟಮೋಟೋ… ಓ" ಬಂತು. ಚಪ್ಪಾಳೆ ಬಿದ್ದದ್ದು ಅದಕ್ಕೇ.

ಮರುದಿನ ಹುಡುಗನ ಕೆನ್ನೆ ಬಾತುಕೊಂಡು, ದವಡೆಹಲ್ಲು ಕಡೆಗೂ ಗಾಂಧಿನಗರದ ಡಾಕ್ಟರ ಇಕ್ಕಳಕ್ಕೆ ಸಿಕ್ಕಿತು. ಕಂಠಕ್ಕೇನೂ ಆಗಲಿಲ್ಲ; ನಮ್ಮ ದುರದೃಷ್ಟ. ಪೆಂಡಾಲಿನ ಹುಡುಗರು ಮಾತ್ರ ಮುಂದಿನ ವರ್ಷದ ಗಾಯನಕ್ಕೆ ಈಗಲೇ ಮಾತಾಡಿಡಬೇಕೆಂದು ನೇರವಾಗಿ ತಳ್ಳುಗಾಡಿಯವನ ಬಳಿಗೆ ಹೋದರು. ಅವನು ತಕ್ಕಡಿಯಿಂದ ಕಣ್ಣು ತೆಗೆಯದೆ, ಹಬ್ಬದ ದಿನ ವ್ಯಾಪಾರ ಬಿಟ್ಟರೆ ಮನೆ ನಡೆಯುವುದಿಲ್ಲ, ಅಷ್ಟು ಬೇಕಿದ್ದರೆ ಗಾಡಿಯನ್ನು ವೇದಿಕೆಯ ಮೇಲೆ ಹತ್ತಿಸಿಕೊಡಿ ಎಂದನಂತೆ. ಹಲಗೆ ಅದರ ತೂಕ ತಡೆಯುತ್ತದೆಯೇ ಎಂದು ಶಾಮಿಯಾನದವನನ್ನು ಈಗ ವಿಚಾರಿಸುತ್ತಿದ್ದಾರೆ.