ಲೈನ್ ಮನೆಯ ತಲೆ ಎಣಿಸದೆ ಟ್ಯಾಂಕ್ ಕಟ್ಟಬೇಡಿ

ಮೊನ್ನೆಯ ಗ್ರಾಮಸಭೆಯಲ್ಲೂ ಕ್ರಿಯಾಯೋಜನೆ ಶುರುವಾದದ್ದು ಅದೇ ಸಾಲಿನಿಂದ: ‘2011ರ ಗಣತಿಯಂತೆ ಜನಸಂಖ್ಯೆ’. ಯಾರೂ ತಕರಾರು ಎತ್ತಲಿಲ್ಲ. ನನಗೆ ಸಿಟ್ಟು ಬಂದಿದೆ, ಅದಕ್ಕೇ ಬರೀತಿದ್ದೇನೆ.

2001ರಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಇಡೀ ರಾಜ್ಯ ಶೇ 15.6ರಷ್ಟು ಬೆಳೆದ ದಶಕದಲ್ಲಿ ನಾವು ಬೆಳೆದದ್ದು ಶೇ 1ರ ಆಸುಪಾಸು. ಹಾಗಂತ ಇಲ್ಲಿ ಏನೂ ಬದಲಾಗಿಲ್ಲ ಅಂದುಕೊಂಡರೆ ಕೆಟ್ಟೆವು. ಮಕ್ಕಳು ಬೆಂಗಳೂರು, ಮೈಸೂರು ಸೇರಿ ಹಿರಿಯರ ಕಾಲದ ಐನ್‌ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ಅದೇ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ಅಸ್ಸಾಂನಿಂದ ಬಂದ ಸಂಸಾರಗಳಿವೆ.

ಇದರ ಪೆಟ್ಟು ಮೊದಲು ಬೀಳುವುದು ನೀರಿನ ಮೇಲೆ. ಜಲಜೀವನ್ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಒಂದು ಲೈನ್‌ನಲ್ಲಿ 40 ಜನರಿದ್ದರೆ 2,200 ಲೀಟರ್ ಬೇಕು. ಪಟ್ಟಿಯಲ್ಲಿ ಅವರಿಲ್ಲ ಅಂದರೆ ಟ್ಯಾಂಕ್ ಅಷ್ಟು ಚಿಕ್ಕದಾಗುತ್ತದೆ. ರೊಬಸ್ಟಾ ಕಾಫಿಯ ಕೊಯ್ಲು ಜನವರಿಯಿಂದ ಮಾರ್ಚ್. ಜನ ಹೆಚ್ಚು ಇರುವುದೂ ಆಗಲೇ, ತೋಡು ಬತ್ತುವುದೂ ಆಗಲೇ, ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವುದೂ ಆಗಲೇ. ಟ್ಯಾಂಕ್ ಪಕ್ಕದ ನಲ್ಲಿಗಳಿಗೆ ನೀರು ಸಿಗುತ್ತದೆ, ಪೈಪಿನ ಕೊನೆಯಲ್ಲಿರುವ ಗುಡ್ಡದ ಮನೆಗೆ ಇಲ್ಲ. ನೀರುಗಂಟಿ ಪಂಪ್ ಹೆಚ್ಚು ಹೊತ್ತು ಓಡಿಸುತ್ತಾನೆ, ಮೋಟಾರ್ ಸುಡುತ್ತದೆ, ಬೈಗುಳ ಅವನಿಗೆ.

‘ಸೀಸನ್ ಮುಗಿದರೆ ಹೋಗುವವರು, ಅವರನ್ನೇಕೆ ಲೆಕ್ಕಕ್ಕೆ ಹಿಡಿಯಬೇಕು’ ಅನ್ನುವವರಿದ್ದಾರೆ. ನೀರಿನ ಯೋಜನೆ ಮಾಡುವುದು ಜನ ತುಂಬಿರುವ ತಿಂಗಳಿಗೆ, ಖಾಲಿ ತಿಂಗಳಿಗಲ್ಲ. ಅವರ ಮಕ್ಕಳಿಗೆ ಅಂಗನವಾಡಿ ಬೇಡವೇ, ಲಸಿಕೆ ಬೇಡವೇ? ‘ಜನ ಕಮ್ಮಿಯಾದರೆ ದುಡ್ಡೂ ಕಮ್ಮಿ ಸಾಕು’ ಅನ್ನುವ ವಾದವೂ ನಿಲ್ಲುವುದಿಲ್ಲ. ನಮ್ಮ ಮನೆಗಳಿರುವುದು ತೋಟಕ್ಕೊಂದರಂತೆ. ಒಂದು ಮನೆಯಲ್ಲಿ ಆರು ಜನರಿದ್ದಲ್ಲಿ ಇಬ್ಬರೇ ಉಳಿದರೂ ಪೈಪಿನ ಉದ್ದ ಅಷ್ಟೇ, ರಸ್ತೆಯ ಉದ್ದ ಅಷ್ಟೇ, ಮಳೆಗೆ ಕೊಚ್ಚಿಹೋಗುವ ಮೋರಿಯೂ ಅದೇ. ಆದರೂ 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚಿದ್ದು ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟು. ಎಣಿಕೆಯಲ್ಲಿ ಹಿಂದೆ ಬಿದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತು: 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಯಿತು, ಮೂರು ಶಾಸಕರ ಜಿಲ್ಲೆಗೆ ಇಬ್ಬರೇ ಉಳಿದರು.

ಮುಂದಿನ ಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಸರಿಯಾಗಿ ಕೊಯ್ಲಿನ ನಡುವೆ. ಗಣತಿದಾರರು ಹಗಲಲ್ಲಿ ಬಂದರೆ ಲೈನ್ ಮನೆಗಳಿಗೆ ಬೀಗ ಇರುತ್ತದೆ, ಜನ ತೋಟದಲ್ಲಿರುತ್ತಾರೆ. ಸಾಲಾಗಿರುವ ಹತ್ತು ಬಾಗಿಲನ್ನು ಒಂದೇ ಮನೆ ಅಂತ ಬರೆದುಬಿಟ್ಟರೆ ಒಂಬತ್ತು ಸಂಸಾರ ಮಾಯ. ಪಂಚಾಯಿತಿ ಸದಸ್ಯರೇ, ನಿಮ್ಮ ವಾರ್ಡಿನ ಪ್ರತಿ ತೋಟದ ಲೈನ್‌ಗಳನ್ನೂ ಬಾಗಿಲು ಬಾಗಿಲಾಗಿ ಈಗಲೇ ಪಟ್ಟಿ ಮಾಡಿಸಿ ಪಿಡಿಒ ಕೈಗೆ ಕೊಡಿ. ಗಣತಿದಾರರನ್ನು ಕೆಲಸ ಬಿಟ್ಟ ಮೇಲೆ, ಸಂಜೆ ಹೊತ್ತಿಗೆ ಕರೆಸಿ. ತೋಟದ ಲೆಕ್ಕ ಬರೆಯುವ ರೈಟರ್ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಹಿಡಿದು ಜೊತೆಗಿರಲಿ. ಚೆಕ್‌ರೋಲ್‌ನಲ್ಲಿ ಮಕ್ಕಳ ಹೆಸರಿರುವುದಿಲ್ಲ, ಅವರನ್ನು ಮನೆಯಲ್ಲೇ ಕೇಳಿ ಬರೆಸಿ.