ಯಾರ ಸರದಿ?

ಹಾಸನದ ನಮ್ಮ ಮನೆಯಲ್ಲಿ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಕ್ರೈಸ್ತರ ವ್ರತದ ದಿನಗಳು, ಬಂತೆಂದರೆ ಅಪ್ಪ ಮಾಂಸ ಬಿಡುತ್ತಿದ್ದರು, ಬೀಡಿ ಬಿಡುತ್ತಿದ್ದರು, ಶುಕ್ರವಾರ ಒಂದೇ ಹೊತ್ತು ಉಣ್ಣುತ್ತಿದ್ದರು. 40 ದಿನದ ಆ ವ್ರತಕ್ಕೆ ಚರ್ಚಿನವರೆಲ್ಲ ಅಪ್ಪನನ್ನು ಗೌರವಿಸುತ್ತಿದ್ದರು. ಆ 40 ದಿನವೂ ವರ್ಷದ ಉಳಿದ ದಿನಗಳೂ ಅವ್ವ ನಸುಕಿಗೇ ಎದ್ದು ಅಂಗಳ ಗುಡಿಸಿ, ಹಂಡೆಗೆ ನೀರು ತುಂಬಿ ಒಲೆ ಹಚ್ಚುತ್ತಿದ್ದಳು. ರಾತ್ರಿ ಜಪಸರ ಮುಗಿದು ನಾವು ಮಲಗಿದ ಮೇಲೆ ಮುದ್ದೆ ಪಾತ್ರೆ ತಿಕ್ಕಿ ಬೋರಲು ಹಾಕುತ್ತಿದ್ದಳು. ಅದನ್ನು ಯಾರೂ ತಪಸ್ಸು ಎಂದು ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಕರೆಯಬೇಕಿತ್ತು ಅನ್ನುವುದು ನನಗೆ ಹೊಳೆದಿದ್ದು ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದು ಕೆಲವು ವರ್ಷ ಕಳೆದ ಮೇಲೆ.

ಇಲ್ಲಿ ‘ಕೇರ್‌ವೊಖೆ’ ಎಂಬ ಪದ್ಧತಿಯಿದೆ. ಗುಡಿಸುವ ವಾರ ಎಂದರ್ಥ. (ನಮ್ಮಲ್ಲಿ ಮೊರ ಹಿಡಿದು ಕೇರುವುದು, ಇವರಲ್ಲಿ ಪೊರಕೆ ಹಿಡಿದು. ಈ ಪದ ಕೇಳಿದಾಗಲೆಲ್ಲ ನನಗೆ ನಮ್ಮ ಹಿತ್ತಲೇ ಕಣ್ಣಿಗೆ ಬರುತ್ತದೆ.) ಒಂದು ಕಟ್ಟಡದಲ್ಲಿ ಎಷ್ಟು ಮನೆಗಳಿವೆಯೋ ಅಷ್ಟೂ ಮನೆಗಳಿಗೆ ಸರದಿಯಂತೆ ವಾರ ಬರುತ್ತದೆ. ಬಾಗಿಲಿಗೆ ಒಂದು ಸಣ್ಣ ಹಲಗೆ ನೇತುಹಾಕುತ್ತಾರೆ. ಅದು ನೇತಾಡುತ್ತಿರುವ ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿಯಾದರೆ ಹೊರಗಿನ ಕಾಲುದಾರಿಯೂ ಅವರದೇ. ವಾರ ಮುಗಿದ ಮೇಲೆ ಹಲಗೆ ಪಕ್ಕದ ಬಾಗಿಲಿಗೆ ಹೋಗುತ್ತದೆ. ಇದರ ಬೇರು 1492ರ ಸ್ಟಟ್‌ಗಾರ್ಟ್ ನಗರಶಾಸನದಷ್ಟು ಹಳೆಯದು. ಮನೆಯ ಕಸವನ್ನು ವಾರವಾರ ಹೊರಗೆ ಸಾಗಿಸಬೇಕೆಂದು ಆಗಲೇ ಬರೆದಿಟ್ಟಿದ್ದರು.

ಮೊದಲ ಸಲ ಹಲಗೆ ನನ್ನ ಬಾಗಿಲಿಗೆ ಬಂದಾಗ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಶನಿವಾರ ಸಂಜೆ ಮೇಲಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ವಯಸ್ಸು 80ರ ಹತ್ತಿರ. ಲೂಥರನ್ ಸಭೆಯವರು, ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ಬೈಯಲಿಲ್ಲ. “ನಿಮಗೆ ಪುರುಸೊತ್ತಿಲ್ಲದಿದ್ದರೆ ಹೇಳಿ, ಈ ವಾರ ನಾನು ಮಾಡುತ್ತೇನೆ. ನನ್ನ ವಾರ ನೀವು ಮಾಡುವಿರಂತೆ” ಅಂದರು. ಆ ವಯಸ್ಸಿನಲ್ಲೂ ಅವರಿಗೆ ತಮ್ಮ ಸರದಿಯಿಂದ ವಿನಾಯಿತಿ ಬೇಕಿರಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ. ಆ ರಾತ್ರಿಯೇ ಮೆಟ್ಟಿಲು ಒರೆಸಿದೆ.

ಮುಂದಿನ ತಪಸ್ಸುಕಾಲದಲ್ಲಿ ಮೂರು ದಿನ ಡ್ಯಾನ್ಯೂಬ್ ಕಣಿವೆಯ ಬಾಯ್ರೋನ್ ಮಠದಲ್ಲಿದ್ದೆ. 1863ರಲ್ಲಿ ಶುರುವಾದ ಬೆನೆಡಿಕ್ಟೈನ್ ಮಠ ಅದು. ಅಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗೆಂದು ಬರೆದ ನಿಯಮವನ್ನು ಕೂತು ಓದಿದೆ. 6ನೇ ಶತಮಾನದ್ದು, 73 ಅಧ್ಯಾಯ. ಬರೀ ಮೌನ, ಪ್ರಾರ್ಥನೆ, ವಿಧೇಯತೆಯ ಮಾತೇ ಇರುತ್ತದೆ ಅಂದುಕೊಂಡಿದ್ದೆ. 35ನೇ ಅಧ್ಯಾಯಕ್ಕೆ ಬಂದರೆ ಅಡುಗೆಮನೆ! ಸಹೋದರರೆಲ್ಲ ವಾರದ ಸರದಿಯಂತೆ ಅಡುಗೆ ಮಾಡಿ ಬಡಿಸಬೇಕು. ಕಾಯಿಲೆಯವರಿಗೂ ಬಹು ಮುಖ್ಯ ಹೊಣೆಯಲ್ಲಿರುವವರಿಗೂ ಮಾತ್ರ ವಿನಾಯಿತಿ. ವಾರ ಮುಗಿಸುವವನು ಶನಿವಾರ ಎಲ್ಲವನ್ನೂ ಶುಚಿ ಮಾಡಿ, ಕೈಕಾಲು ಒರೆಸುವ ಬಟ್ಟೆ ಒಗೆಯಬೇಕು. ಅವನೂ ಹೊಸದಾಗಿ ಬರುವವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಗಳನ್ನು ಸೊಟ್ಟ ಮುಕ್ಕಿಲ್ಲದೆ ಉಗ್ರಾಣದವನಿಗೆ ಒಪ್ಪಿಸಬೇಕು, ಅವನು ಅದನ್ನು ಮುಂದಿನವನ ಕೈಗೆ ಕೊಡಬೇಕು. ನಮ್ಮ ಕಟ್ಟಡದ ಹಲಗೆಯೇ ಕಣ್ಣ ಮುಂದೆ ಬಂತು.

ಆದರೆ ನನ್ನನ್ನು ಅಲುಗಿಸಿದ್ದು 31ನೇ ಅಧ್ಯಾಯದ ಒಂದು ಮಾತು. ಉಗ್ರಾಣದವನು ಮಠದ ಎಲ್ಲ ಪಾತ್ರೆ ಪದಾರ್ಥಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕಂತೆ. ನಾನು ಹುಡುಗನಾಗಿದ್ದಾಗ ಪೂಜೆಗೆ ಸಹಾಯಕನಾಗಿದ್ದೆ. ಪೂಜೆಯ ಸಾಮಾನುಗಳನ್ನು ಬಿಳಿ ಬಟ್ಟೆಯಲ್ಲಿ ಹಿಡಿದು ಎತ್ತಿಡುವಾಗ ಕೈ ನಡುಗುತ್ತಿತ್ತು, ಅಷ್ಟು ಭಯಭಕ್ತಿ. ಮನೆಗೆ ಬಂದು ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಿದ್ದೆ. ಎರಡೂ ಒಂದೇ ಬೆಳಿಗ್ಗೆ, ಒಂದೇ ಕೈ. ಜ್ಞಾನೋಪದೇಶದಲ್ಲಿ ಆತ್ಮಸಂಯಮ ಎಂದರೆ ನಾಲಿಗೆ, ಕಣ್ಣು, ಸಿಟ್ಟು ಎಂದು ಕಲಿತೆವು. ತಟ್ಟೆಯ ಮಾತು ಬರಲಿಲ್ಲ. ತಟ್ಟೆ ಅವ್ವನ ಪಾಲಿಗಿತ್ತು.

ನಮ್ಮ ಕಡೆಯ ಕ್ರೈಸ್ತ ಮನೆಗಳ ಬಗ್ಗೆ ನನಗಿರುವ ನೋವು ಇದೇ. ಶಿಸ್ತು ನಮ್ಮಲ್ಲಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಅದನ್ನು ಹೆಂಗಸರ ತಲೆಗೆ ಕಟ್ಟಿ, ವ್ರತದ ಹೆಸರನ್ನು ಗಂಡಸರು ಇಟ್ಟುಕೊಂಡಿದ್ದೇವೆ. ಈ ಮಾತೆತ್ತಿದರೆ ಮಾರ್ಥಾ ಮರಿಯರ ಕಥೆ ಹೇಳುವವರಿದ್ದಾರೆ: ಯೇಸುಸ್ವಾಮಿ ಮನೆಗೆ ಬಂದಾಗ ಮರಿಯ ಅವರ ಪಾದದ ಬಳಿ ಕೂತು ಮಾತು ಕೇಳಿದಳು, ಸೋದರಿ ಮಾರ್ಥಾ ಉಪಚಾರದ ಕೆಲಸದಲ್ಲಿ ಮುಳುಗಿದಳು, ಸ್ವಾಮಿ ಮೆಚ್ಚಿದ್ದು ಮರಿಯಳ ಆಯ್ಕೆಯನ್ನು ಎಂದು. ಲೂಕನ ಶುಭಸಂದೇಶದಲ್ಲಿ ಸ್ವಾಮಿ ಮಾರ್ಥಳಿಗೆ ಅಡುಗೆ ಮಾಡಬೇಡ ಅನ್ನಲಿಲ್ಲ, ಹತ್ತಾರು ಚಿಂತೆ ಹಚ್ಚಿಕೊಂಡಿದ್ದೀಯೆ ಅಂದರು. ‘ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ’ ಎಂಬ ಮಾರ್ಥಳ ಅಳಲೂ ಅಲ್ಲೇ ಇದೆ. ಸರದಿ ಇದ್ದಿದ್ದರೆ ಅವಳೂ ಪಾದದ ಬಳಿ ಕೂರುತ್ತಿದ್ದಳು. ಪುನರುತ್ಥಾನರಾದ ಸ್ವಾಮಿ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ಶಿಷ್ಯರನ್ನು ಊಟಕ್ಕೆ ಕರೆದರೆಂದು ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ಹೇಳುತ್ತದೆ. ಅಂದು ಒಲೆಯ ಸರದಿಯನ್ನು ಅವರೇ ತೆಗೆದುಕೊಂಡಿದ್ದರು.

ಹಾಗೆಂದು ಇಲ್ಲಿಯದೆಲ್ಲ ಮೇಲು ಅನ್ನಲಾರೆ. ಸ್ಟಟ್‌ಗಾರ್ಟಿನ ಮೆಟ್ಟಿಲು ಫಳಫಳ ಹೊಳೆಯುತ್ತದೆ, ಅದನ್ನು ಹತ್ತಿ ಹೇಳದೆ ಕೇಳದೆ ಬರುವವರು ಇಲ್ಲ. ಎರಡು ವಾರ ಮೊದಲೇ ದಿನ ಗೊತ್ತು ಮಾಡಿಕೊಂಡು ಬರಬೇಕು. ಅಪ್ಪನ ಕಡೆಯವರು ಶೆಟ್ಟಿಹಳ್ಳಿಯವರು. ಗೊರೂರಿನ ಅಣೆಕಟ್ಟೆಯ ಹಿನ್ನೀರು ಬಂದು ಜನ ಊರು ಬಿಟ್ಟರು. ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಮಾಲೆ ಮಾತೆಯ ಚರ್ಚು ಈಗ ಸೂರಿಲ್ಲದೆ ನಿಂತಿದೆ, ಮಳೆಗಾಲದಲ್ಲಿ ಹೇಮಾವತಿ ಅದನ್ನು ಅರ್ಧ ನುಂಗುತ್ತಾಳೆ. ಚದುರಿಹೋದ ಆ ಬಂಧುಗಳು ಹಾಸನಕ್ಕೆ ಕೋರ್ಟು, ಆಸ್ಪತ್ರೆ ಎಂದು ಬಂದರೆ ಇಳಿಯುತ್ತಿದ್ದುದು ನಮ್ಮ ಮನೆಗೇ. ರಾತ್ರಿ 9ಕ್ಕೆ ಬಂದರೂ ಅವ್ವ ಎಸರಿಟ್ಟು ಇನ್ನೊಂದು ಹಿಡಿ ಹಿಟ್ಟು ಹಾಕುತ್ತಿದ್ದಳು. ಪಾತ್ರೆ ತೊಳೆದು ಬೋರಲು ಹಾಕಿದ್ದರಿಂದ, ರಾಗಿ ಬೀಸಿ ಡಬ್ಬ ತುಂಬಿದ್ದರಿಂದ ಅದು ಅವಳ ಕೈಲಾಗುತ್ತಿತ್ತು. ಅವಳ ಮನೆಯ ಅಚ್ಚುಕಟ್ಟು ಬಂದವರಿಗಾಗಿ ಕಾದಿರುತ್ತಿತ್ತು. ಅತಿಥಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಾರೆ, ಅವರನ್ನು ಕ್ರಿಸ್ತನಂತೆಯೇ ಬರಮಾಡಿಕೊಳ್ಳಿ ಎಂದು ಬೆನೆಡಿಕ್ಟರು 53ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಅವ್ವ ಅದನ್ನು ಓದಿದವಳಲ್ಲ.

ಕಳೆದ ಕ್ರಿಸ್ಮಸ್‌ಗೆ ಹಾಸನಕ್ಕೆ ಹೋದಾಗ ತಮ್ಮನ ಜೊತೆ ಕೂತು ಮಾತಾಡಿದೆ. ರಾತ್ರಿಯ ಮುಸುರೆ ಒಂದು ದಿನ ನನ್ನದು, ಒಂದು ದಿನ ಅವನದು, ಒಂದು ದಿನ ಅವನ ಮಗನದು ಎಂದು ಗೊತ್ತು ಮಾಡಿದೆವು. ಅವ್ವನಿಗೆ ಇದು ಸರಿಬರಲಿಲ್ಲ. “ಬಿಡಪ್ಪ, ಅಷ್ಟು ದೂರದಿಂದ ಬಂದಿದ್ದೀಯ, ಹೋಗಿ ಮಲಗು” ಅಂದಳು. ನಾನು ಬಿಡಲಿಲ್ಲ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಜಪಸರ ಎಣಿಸುತ್ತ ನೋಡುತ್ತಿದ್ದಳು. ಮುದ್ದೆ ಪಾತ್ರೆಯ ತಳ ಬಿಡುತ್ತಿರಲಿಲ್ಲ. “ನೀರು ಹಾಕಿ ನೆನೆಯೋಕೆ ಬಿಡು,” ಅಂದಳು ಕೊನೆಗೆ, “ಬೆಳಿಗ್ಗೆ ನೀನೇ ತಿಕ್ಕು. ನಾನು ಮುಟ್ಟಲ್ಲ.” ಬೆಳಿಗ್ಗೆ ನಾನು ಏಳುವವರೆಗೂ ಅದು ಅಲ್ಲೇ ಇತ್ತು.