ಕ್ಲೈಮ್ಯಾಕ್ಸ್ ಗೊತ್ತಿದ್ದವರು ಸ್ವಲ್ಪ ಕೇಳಿ

ಸಿನಿಮಾದ ಕೊನೆ ಹೇಳಬೇಡಿ ಅಂದರೆ ನಮ್ಮ ಮಂಗಳೂರು, ಉಡುಪಿ ಕಡೆ ಬರುವ ಮೊದಲ ಉತ್ತರ ಇದು: “ಎಂತ ಮಾರಾಯ್ರೆ, ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿದ್ದೂ ನಾವು ರಾತ್ರಿಯಿಡೀ ಆಟ ನೋಡುವುದಿಲ್ವಾ? ಕೊನೆ ಗೊತ್ತಾದ್ರೆ ಎಂತ ಹೋಯ್ತು?” ಕೇಳುವುದಕ್ಕೆ ಬಲವಾದ ವಾದವೇ. ಆದರೆ ಅದು ತಪ್ಪು. ಯಾಕೆ ತಪ್ಪು ಅನ್ನುವುದಕ್ಕೆ ಆಟದಲ್ಲೇ, ಅಂದರೆ ಯಕ್ಷಗಾನದಲ್ಲೇ ಉತ್ತರ ಉಂಟು.

ಪೌರಾಣಿಕ ಪ್ರಸಂಗದಲ್ಲಿ ಕಥೆಯನ್ನು ಯಾರೂ ಮುಚ್ಚಿಡುವುದಿಲ್ಲ. ಕರಪತ್ರದಲ್ಲೇ ‘ಕೀಚಕ ವಧೆ’, ‘ಜರಾಸಂಧ ವಧೆ’, ‘ಕರ್ಣಾವಸಾನ’ ಅಂತ ಅಚ್ಚಾಗಿರುತ್ತದೆ. ವಧೆ ಅಂದರೆ ಸಾಯುತ್ತಾನೆ, ಕಲ್ಯಾಣ ಅಂದರೆ ಮದುವೆ ಆಗುತ್ತದೆ, ಮುಗಿಯಿತು. ರಂಗದ ಮೇಲೂ ಕ್ರಮ ಹಾಗೆಯೇ. ಹಾಡುವ ಭಾಗವತರು ಮೊದಲು ಪದ, ಅಂದರೆ ಹಾಡು ಹೇಳುತ್ತಾರೆ, ವೇಷಧಾರಿ ಆಮೇಲೆ ಅದರ ಅರ್ಥ ಹೇಳುತ್ತಾರೆ. ಬರಲಿರುವ ಮಾತಿನ ತಿರುಳು ಪದದಲ್ಲಿ ಆಗಲೇ ಕಿವಿಗೆ ಬಿದ್ದಿರುತ್ತದೆ. ಪ್ರೇಕ್ಷಕರು ಕಾದು ಕೂರುವುದು ಮುಂದೇನು ಅಂತ ತಿಳಿಯುವುದಕ್ಕಲ್ಲ. ಇವತ್ತಿನ ಕರ್ಣ ಈ ಪದವನ್ನು ಹೇಗೆ ಬಿಡಿಸುತ್ತಾನೆ, ಶಲ್ಯನ ಜೊತೆ ಮಾತು ಎಲ್ಲಿಯವರೆಗೆ ಏರುತ್ತದೆ ಅಂತ ನೋಡುವುದಕ್ಕೆ. ಕೂತುಕೊಂಡೇ ಹಾಡು, ಮಾತಿನಲ್ಲಿ ನಡೆಸುವ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಆದರೂ ಜನ ಕೂರುತ್ತಾರೆ. ಕೊನೆ ಗೊತ್ತಿದ್ದವರಿಗಾಗಿಯೇ ಕಟ್ಟಿದ ಕಲೆ ಅದು.

ಕೊಲೆ ಮಾಡಿದ್ದು ಯಾರು ಅಂತ ಎರಡೂಕಾಲು ಗಂಟೆ ಹುಡುಕಿಸುವ ಸಿನಿಮಾವನ್ನು ಹಾಗೆ ಕಟ್ಟಿರುವುದಿಲ್ಲ. ಯಾವ ವಿಷಯ ಎಷ್ಟನೇ ನಿಮಿಷಕ್ಕೆ ಪ್ರೇಕ್ಷಕರಿಗೆ ಸಿಗಬೇಕು ಅನ್ನುವ ಲೆಕ್ಕದ ಮೇಲೆಯೇ ಅದರ ಚಿತ್ರಕಥೆ ನಿಂತಿರುತ್ತದೆ. ಇಂಟರ್‌ವಲ್‌ಗೆ ಮುಂಚೆ ಸಂಶಯ ಒಬ್ಬನ ಮೇಲೆ ಬೀಳಬೇಕು, ಇಂಟರ್‌ವಲ್ ಆಗಿ ಹತ್ತು ನಿಮಿಷಕ್ಕೆ ಅದು ಇನ್ನೊಬ್ಬನ ಕಡೆ ತಿರುಗಬೇಕು. ಒಂದು ಮುಖದ ಶಾಟ್ ಒಂದು ಸೆಕೆಂಡ್ ಹೆಚ್ಚು ನಿಂತರೂ ಗುಟ್ಟು ಬಿಟ್ಟುಹೋಗುತ್ತದೆ ಅಂತ ಎಡಿಟಿಂಗ್‌ನಲ್ಲಿ ಕತ್ತರಿಸಿರುತ್ತಾರೆ. ಉತ್ತರ ಮೊದಲೇ ಗೊತ್ತಾದವರಿಗೆ ಈ ಕೆಲಸವೆಲ್ಲ ಸಂದಾಯವೇ ಆಗುವುದಿಲ್ಲ. ಟಿಕೆಟಿಗೆ ಕೊಟ್ಟದ್ದು ಪೂರ್ತಿ ದುಡ್ಡು, ಸಿಕ್ಕಿದ್ದು ಅರ್ಧ ಸಿನಿಮಾ.

ಆಟದಲ್ಲೂ ಈ ಎರಡು ಬಗೆ ಉಂಟು ಅನ್ನುವುದನ್ನು ವಾದ ಮಾಡುವವರು ಮರೆಯುತ್ತಾರೆ. ಡೇರೆ ಮೇಳದವರು, ಅಂದರೆ ಡೇರೆ ಹಾಕಿ ಟಿಕೆಟಿಗೆ ಆಟ ಆಡುವ ತಂಡದವರು, ಹೊಸ ಕಾಲ್ಪನಿಕ ಪ್ರಸಂಗ ಮಾಡಿದಾಗ, ಕಳೆದುಹೋದ ಮಗ ಯಾರು, ಮಾರುವೇಷದಲ್ಲಿ ಬಂದದ್ದು ಯಾರು ಅಂತ ಮೊದಲೇ ಯಾರಾದರೂ ಬಾಯಿಬಿಟ್ಟರೆ ಅದೇ ಯಕ್ಷಗಾನ ಪ್ರೇಮಿ “ಹೇಳ್ಬೇಡ ಮಾರಾಯ, ನಾನಿನ್ನೂ ನೋಡ್ಲಿಲ್ಲ” ಅಂತ ಕಿವಿ ಮುಚ್ಚಿಕೊಳ್ಳುತ್ತಾನೆ. ಕೊನೆ ಹೇಳಬಹುದೋ ಬಾರದೋ ಅನ್ನುವುದು ಕಥೆಯ ಜಾತಿಯ ಮೇಲೆ ಹೋಗುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆಯ ಸಿನಿಮಾಕ್ಕೆ ಹೆಚ್ಚು ತಲೆಬಿಸಿ ಬೇಡ. ಗುಟ್ಟಿನ ಮೇಲೆ ನಿಂತದ್ದಕ್ಕೆ ಬೇಕೇ ಬೇಕು.

ಇನ್ನೊಂದು ವಾದವೂ ಆಗಾಗ ಬರುತ್ತದೆ: “ಕೊನೆ ಗೊತ್ತಿದ್ದರೆ ಖುಷಿ ಹೆಚ್ಚು ಅಂತ ವಿಜ್ಞಾನಿಗಳೇ ಹೇಳಿದ್ದಾರೆ.” ಇದು 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯಿಂದ ಬಂದ ಅಧ್ಯಯನ. ಅಲ್ಲಿ ಓದಿಸಿದ್ದು 12 ಸಣ್ಣಕಥೆಗಳನ್ನು, ಸಿನಿಮಾ ತೋರಿಸಿದ್ದಲ್ಲ. ಕೊನೆ ತಿಳಿದು ಓದಿದವರು ಸರಾಸರಿಯಲ್ಲಿ ಸ್ವಲ್ಪ ಹೆಚ್ಚು ಅಂಕ ಕೊಟ್ಟರು, ನಿಜ. ಆದರೆ 2015ರಲ್ಲಿ ಬೇರೆ ಸಂಶೋಧಕರು ಹೀಗೇ ಸಣ್ಣಕಥೆ ಓದಿಸಿ ನೋಡಿದಾಗ, ಕೊನೆ ಗೊತ್ತಿಲ್ಲದವರಿಗೇ ಹೆಚ್ಚು ಮಜಾ ಮತ್ತು ಕುತೂಹಲ ಅಂತ ಬಂತು. ಸರಾಸರಿ ಏನೇ ಇರಲಿ, ಒಂದು ವಿಷಯಕ್ಕೆ ಅಧ್ಯಯನ ಬೇಡ. ಗೊತ್ತಿಲ್ಲದೆ ಒಮ್ಮೆ ನೋಡಿ, ಗೊತ್ತಾದ ಮೇಲೆ ಇನ್ನೊಮ್ಮೆ ನೋಡಲಿಕ್ಕೆ ಆಗುತ್ತದೆ. ಗೊತ್ತಾದ ಮೇಲೆ ಗೊತ್ತಿಲ್ಲದವರಾಗಿ ನೋಡಲಿಕ್ಕೆ ಆಗುವುದಿಲ್ಲ. ಹಾಗಾಗಿ ತೀರ್ಮಾನ ನೋಡಲಿಕ್ಕಿರುವವರದ್ದು. ಜವಾಬ್ದಾರಿ ಮಾತ್ರ ಪೂರ್ತಿ ನೋಡಿ ಬಂದವರದ್ದು, ಯಾಕಂದರೆ ಗುಟ್ಟು ಯಾವುದು ಅಂತ ಗೊತ್ತಿರುವುದು ಅವರಿಗೆ ಮಾತ್ರ.

ಗುಟ್ಟು ಹೊರಬೀಳುವುದು “ಅವಳೇ ಕೊಂದದ್ದು” ಅನ್ನುವ ಒಂದು ವಾಕ್ಯದಿಂದ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗೆ ನೇರವಾಗಿ ಹೇಳುವವರು ಕಡಿಮೆ. ಹೆಚ್ಚಿನ ಸೋರಿಕೆ ಆಗುವುದು ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತುಗಳಲ್ಲಿ. “ಲಾಸ್ಟಿಗೆ ಒಂದು ಟ್ವಿಸ್ಟ್ ಉಂಟು, ನಾನು ಹೇಳುವುದಿಲ್ಲ” ಅಂದರೆ ಅರ್ಧ ಹೇಳಿದ ಹಾಗೆಯೇ. ಕೇಳಿದವರು ಮೊದಲ ದೃಶ್ಯದಿಂದಲೇ ತನಿಖೆ ಶುರು ಮಾಡುತ್ತಾರೆ, ಕಣ್ಣೆದುರು ಕಾಣುವ ಯಾವುದನ್ನೂ ನಂಬುವುದಿಲ್ಲ. “ಆ ಡಾಕ್ಟರ್ ಪಾತ್ರ ಸ್ವಲ್ಪ ಗಮನಿಸಿ” ಅನ್ನುವುದು ಇನ್ನೂ ಕೆಟ್ಟದ್ದು. “ಕರ್ಚೀಫ್ ತೆಗೆದುಕೊಂಡು ಹೋಗಿ” ಅಂದರೆ ಯಾರೋ ಸಾಯುತ್ತಾರೆ ಅಂತ ಆಯಿತು, ಯಾರು ಅಂತ ಮೊದಲ ಅರ್ಧ ಗಂಟೆಯಲ್ಲಿ ಎಣಿಸಿಬಿಡುತ್ತಾರೆ.

ನಟನೆಯ ಹೊಗಳಿಕೆಯಲ್ಲಿ ಆಗುವ ಸೋರಿಕೆಯಂತೂ ಬರೆದವರಿಗೇ ಗೊತ್ತಾಗುವುದಿಲ್ಲ. “ಕೊನೆಯ ಇಪ್ಪತ್ತು ನಿಮಿಷ ಅವರ ಅಭಿನಯ ನೋಡಬೇಕು” ಅಂತ ಬರೆದರೆ, ಆ ಪಾತ್ರ ಕೊನೆಯವರೆಗೆ ಬದುಕಿರುತ್ತದೆ ಅಂತ ಹೇಳಿದ ಹಾಗೆ. ಇಂಟರ್‌ವಲ್ ಹೊತ್ತಿಗೆ ಆ ಪಾತ್ರಕ್ಕೆ ಗುಂಡು ಬಿದ್ದಾಗ ನಿಮ್ಮ ಓದುಗ ಒಬ್ಬ ಮಾತ್ರ ಆರಾಮವಾಗಿ ಪಾಪ್‌ಕಾರ್ನ್ ತಿನ್ನುತ್ತಾ ಇರುತ್ತಾನೆ. ‘ಅತಿಥಿ ಪಾತ್ರದಲ್ಲಿ ಇಂಥವರು’ ಅಂತ ಹೆಸರು ಹಾಕುವುದು, ‘ಡಬಲ್ ರೋಲ್ ಚೆನ್ನಾಗಿ ಮಾಡಿದ್ದಾರೆ’ ಅನ್ನುವುದು ಇದೇ ಪಂಗಡ. “ಇದು ಆ ಸಿನಿಮಾದ ಹಾಗೆಯೇ” ಅಂತ ಹೋಲಿಸಿದರೆ ಒಂದೇ ಮಾತಿಗೆ ಎರಡು ಸಿನಿಮಾ ಹಾಳು.

ಇನ್ನು ಊಹೆಯ ಆಟ. “ಅವನ ತಮ್ಮನೇ ಅಲ್ವಾ ಮಾಡಿದ್ದು?” ಅಂತ ಕೇಳಿ ನಿಮ್ಮ ಮುಖ ನೋಡುತ್ತಾರೆ. ಹೌದು ಅಂದರೂ ಕಷ್ಟ, ಅಲ್ಲ ಅಂದರೂ ಕಷ್ಟ, ನಕ್ಕರೆ ಇನ್ನೂ ಕಷ್ಟ. ಸರಿ ಊಹೆಗೂ ತಪ್ಪು ಊಹೆಗೂ “ನೋಡಿ ಬಂದು ಹೇಳಿ” ಅನ್ನುವ ಒಂದೇ ಉತ್ತರ ಅಭ್ಯಾಸ ಮಾಡಿಕೊಂಡರೆ ಮುಖ ಏನನ್ನೂ ಬಿಟ್ಟುಕೊಡುವುದಿಲ್ಲ.

ಹಾಗಾದರೆ ಮಾತಾಡುವುದೇ ಬೇಡವೇ? ಧಾರಾಳವಾಗಿ ಮಾತಾಡಬಹುದು. ಟ್ರೈಲರ್‌ನಲ್ಲಿ ಬಂದದ್ದು, ಮೊದಲ ಇಪ್ಪತ್ತು ನಿಮಿಷದಲ್ಲಿ ಕಥೆ ಹೂಡುವ ರೀತಿ, ಎಲ್ಲಿ ನಡೆಯುತ್ತದೆ, ನಮ್ಮ ಕಡೆಯ ಭಾಷೆ ಸರಿಯಾಗಿ ಬಂದಿದೆಯೋ ಇಲ್ಲವೋ, ಮಳೆಗಾಲವನ್ನು ಹೇಗೆ ತೆಗೆದಿದ್ದಾರೆ, ಸೌಂಡ್ ಹೇಗುಂಟು, ಎಲ್ಲಿ ಎಳೆದ ಹಾಗೆ ಆಗುತ್ತದೆ. ಎಳೆಯುತ್ತದೆ ಅನ್ನುವಾಗ “ಎರಡನೇ ಅರ್ಧ ಸ್ವಲ್ಪ ನಿಧಾನ” ಅಂದರೆ ಸಾಕು, “ಅವಳು ಸತ್ತ ಮೇಲೆ ನಿಧಾನ” ಅನ್ನಬೇಕಾಗಿಲ್ಲ.

ಎಷ್ಟು ದಿನ ಸುಮ್ಮನಿರಬೇಕು? ಆನ್‌ಲೈನ್‌ನಲ್ಲಿ ಒಂದು ವಾರ, ಎರಡು ವಾರ ಅಂತೆಲ್ಲ ಲೆಕ್ಕ ಹೇಳುತ್ತಾರೆ. ನನಗೆ ದಿನದ ಲೆಕ್ಕ ಒಪ್ಪಿಗೆಯಿಲ್ಲ, ನಮ್ಮ ಜಿಲ್ಲೆಗಳಿಗಂತೂ ಅದು ಹೊಂದುವುದೇ ಇಲ್ಲ. ‘ಕಾಂತಾರ’ವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಓಟಿಟಿಗೆ ಬಂದದ್ದು ನವೆಂಬರ್ 24ಕ್ಕೆ, ಹತ್ತಿರ ಹತ್ತಿರ ಎಂಟು ವಾರ. ತುಳು ಅವತರಣಿಕೆ ಇಲ್ಲಿಯ ಚಿತ್ರಮಂದಿರಕ್ಕೆ ಬಂದದ್ದು ಡಿಸೆಂಬರ್ 2ಕ್ಕೆ. ನಮ್ಮ ಕಥೆಯನ್ನು ನಮ್ಮ ಭಾಷೆಯಲ್ಲೇ ನೋಡುತ್ತೇನೆ ಅಂತ ಕಾದವರ ಪಾಲಿಗೆ ಎರಡು ವಾರದ ನಿಯಮದಿಂದ ಏನು ಪ್ರಯೋಜನ? ಅವರು ಕಾದದ್ದು ಎರಡು ತಿಂಗಳು.

ತುಳು ಸಿನಿಮಾದ ದಾರಿಯೇ ಬೇರೆ. ಇಲ್ಲಿ ಓಡಿದ ಮೇಲೆ ಗಲ್ಫ್‌ನಲ್ಲಿ, ಮುಂಬಯಿಯಲ್ಲಿ ಒಂದೋ ಎರಡೋ ಶೋ ಆಗುತ್ತದೆ. ಎಷ್ಟೋ ಸಿನಿಮಾ ಓಟಿಟಿಯ ಮುಖ ಕಾಣುವುದೇ ಇಲ್ಲ. ದುಬೈಯಲ್ಲಿರುವ ಬಾವನಿಗೆ ಸಿಗುವುದು ಆ ಒಂದು ಶೋ, ಅದಕ್ಕೆ ಮುಂಚೆ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕಥೆ ಪೂರ್ತಿ ಆಗಿರಬಾರದು. ತುಳು ನಾಟಕ ಇನ್ನೂ ಸೂಕ್ಷ್ಮ. ಒಂದೇ ನಾಟಕ ಇವತ್ತು ಸುರತ್ಕಲ್‌ನಲ್ಲಿ, ಮೂರು ತಿಂಗಳು ಬಿಟ್ಟು ಕಾರ್ಕಳದಲ್ಲಿ. ಪ್ರತಿ ಊರಿಗೂ ಅದು ಮೊದಲನೇ ದಿನವೇ. ಹೊಸ ಪ್ರಸಂಗಕ್ಕೂ ಹಾಗೆಯೇ, ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚುವವರೆಗೆ, ಅಂದರೆ ಆ ವರ್ಷದ ತಿರುಗಾಟ ಮುಗಿಯುವವರೆಗೆ ಬಾಯಿ ಕಟ್ಟಿಕೊಂಡಿರುವುದು ನ್ಯಾಯ. ಇದೆಲ್ಲ ಆಗುವ ಮಾತಲ್ಲ ಅನ್ನುವವರಿಗೆ ಲಂಡನ್ನಿನ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಉದಾಹರಣೆ ಉಂಟು. 1952ರಿಂದ ಆಡುತ್ತಿದ್ದಾರೆ. ಆಟ ಮುಗಿದ ಮೇಲೆ ನಟರೇ ಬಂದು, ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುವ ಸಂಪ್ರದಾಯ ಅಲ್ಲಿ ಬೆಳೆದುಬಂದಿದೆ. ನಮ್ಮ ನಾಟಕ ತಂಡಗಳವರೂ ಕೊನೆಗೆ ಮೈಕಿನಲ್ಲಿ ಆ ಒಂದು ಮಾತು ಹೇಳಿದರೆ ಜನ ಖಂಡಿತ ಕೇಳುತ್ತಾರೆ.

ಬಾಯಿಮಾತಿನಲ್ಲಿ ಹೆಚ್ಚು ಅಪಾಯದ ಜಾಗ ಚಿತ್ರಮಂದಿರದ ಬಾಗಿಲು. ಒಂದು ಶೋ ಬಿಡುವ ಹೊತ್ತಿಗೆ ಮುಂದಿನ ಶೋದವರು ಹೊರಗೆ ನಿಂತಿರುತ್ತಾರೆ. ಮಾಲ್‌ಗಳಲ್ಲಿ ಇಳಿಯುವವರೂ ಹತ್ತುವವರೂ ಅದೇ ಎಸ್ಕಲೇಟರಿನ ಅಕ್ಕಪಕ್ಕ. ಸಿನಿಮಾ ನೋಡಿದ ಬಿಸಿಯಲ್ಲಿ ಸ್ವರ ತನ್ನಿಂದ ತಾನೇ ಏರುತ್ತದೆ. ಪಾರ್ಕಿಂಗ್‌ಗೆ ಬಂದು ಕಾರಿನ ಬಾಗಿಲು ಹಾಕುವವರೆಗೆ ಕಥೆ ಎತ್ತದಿರುವುದು ಒಳ್ಳೆಯದು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಫೋನ್ ಹಿಡಿದು ಪೂರ್ತಿ ಕಥೆ ಒಪ್ಪಿಸುವವರಿಗೂ ಇದೇ ಮಾತು. ಎರಡನೇ ಸಲ ಮನೆಯವರನ್ನು ಕರೆದುಕೊಂಡು ಹೋದವರು ಕತ್ತಲೆಯಲ್ಲಿ ಮಾಡುವ ಒಂದು ಕೆಲಸ ಉಂಟು: ಆ ದೃಶ್ಯ ಬರುವುದಕ್ಕೆ ಐದು ಸೆಕೆಂಡ್ ಮುಂಚೆ ಮೊಣಕೈಯಲ್ಲಿ ತಿವಿದು “ಈಗ ನೋಡು, ಈಗ ನೋಡು” ಅನ್ನುವುದು, ಇಲ್ಲದಿದ್ದರೆ ಪರದೆ ಬಿಟ್ಟು ಪಕ್ಕದವರ ಮುಖ ನೋಡುವುದು. ಪಕ್ಕದವರಿಗೆ ಅಷ್ಟೇ ಸಾಕು, ಬೆಚ್ಚಿಬೀಳಬೇಕಾದ ಜಾಗದಲ್ಲಿ ತಯಾರಾಗಿ ಕೂತಿರುತ್ತಾರೆ.

ಫೋನಿನಲ್ಲಿ ಕೆಲವು ತಾಂತ್ರಿಕ ವಿಷಯ ಗೊತ್ತಿರಬೇಕು. ವಾಟ್ಸ್ಆ್ಯಪ್ ತೆರೆದಾಗ ಚಾಟ್ ಪಟ್ಟಿಯಲ್ಲಿ ಕಾಣುವುದು ಗ್ರೂಪಿಗೆ ಬಂದ ಕೊನೆಯ ಮೆಸೇಜಿನ ಮೊದಲ ಸಾಲು. ಮೊದಲ ಮೆಸೇಜಿನಲ್ಲಿ ಎಚ್ಚರಿಕೆ, ಎರಡನೆಯದರಲ್ಲಿ ಕಥೆ ಅಂತ ಹಾಕಿದರೆ ಎಚ್ಚರಿಕೆ ಕೆಳಗೆ ಹೋಗಿ ಕಥೆಯೇ ಮೇಲೆ ಕೂರುತ್ತದೆ. ಹಾಗಾಗಿ ಎರಡೂ ಒಂದೇ ಮೆಸೇಜಿನಲ್ಲಿರಲಿ. ಮೊದಲ ಸಾಲಿನಲ್ಲಿ ಸಿನಿಮಾದ ಹೆಸರು ಮತ್ತು ‘ಕೊನೆ ಬರೆದಿದ್ದೇನೆ, ನೋಡದವರು ತೆರೆಯಬೇಡಿ’ ಅಂತ ಇರಲಿ. ಹೆಸರು ಹಾಕದೆ ಬರೀ ‘ಸ್ಪಾಯ್ಲರ್’ ಅಂದರೆ ಯಾವುದರದ್ದು ಅಂತ ತಿಳಿಯಲಿಕ್ಕೇ ಓದಬೇಕಾಗುತ್ತದೆ. ಆಮೇಲೆ ಸಾಲಿಗೊಂದು ಚುಕ್ಕಿ ಇಟ್ಟು ಹದಿನೈದು ಇಪ್ಪತ್ತು ಸಾಲು ಕೆಳಗಿಳಿಸಿ, ಕಥೆ ಅಲ್ಲಿಂದ ಶುರುವಾಗಲಿ. ಟೆಲಿಗ್ರಾಂನಲ್ಲಿ ಇಷ್ಟು ಕಷ್ಟವಿಲ್ಲ, ಬರೆದದ್ದನ್ನು ಆಯ್ಕೆ ಮಾಡಿ ಸ್ಪಾಯ್ಲರ್ ಫಾರ್ಮ್ಯಾಟ್ ಕೊಟ್ಟರೆ ಒತ್ತುವವರೆಗೆ ಮಸುಕಾಗಿಯೇ ಇರುತ್ತದೆ. ಫೇಸ್‌ಬುಕ್ಕಿನಲ್ಲಿ ಉದ್ದ ಪೋಸ್ಟ್ ಮಡಚಿಕೊಳ್ಳುತ್ತದೆ, ಆದರೆ ಅದರ ಜೊತೆ ಕ್ಲೈಮ್ಯಾಕ್ಸಿನ ಫೋಟೋ ಹಾಕಿದರೆ ಮಡಚಿದ್ದಕ್ಕೆ ಅರ್ಥವಿಲ್ಲ. ಕಮೆಂಟುಗಳನ್ನೂ ಗಮನಿಸಬೇಕು. ನೀವು ಜಾಗ್ರತೆಯಿಂದ ಬರೆದ ಪೋಸ್ಟಿನ ಕೆಳಗೆ ಇನ್ನೊಬ್ಬರು ಒಂದೇ ಸಾಲಿನಲ್ಲಿ ಎಲ್ಲ ಹೇಳಿಬಿಡುತ್ತಾರೆ. ಅಂಥದ್ದನ್ನು ತೆಗೆದುಹಾಕುವ ಅಧಿಕಾರ ಪೋಸ್ಟ್ ಹಾಕಿದವರಿಗೆ ಉಂಟು, ಮುಲಾಜಿಲ್ಲದೆ ತೆಗೆಯಬೇಕು. ಮನೆಯ ಗ್ರೂಪಿಗೆ ಎಲ್ಲಕ್ಕಿಂತ ಸುಲಭದ ದಾರಿ ‘ನೋಡಿದವರು’ ಅಂತ ಇನ್ನೊಂದು ಗ್ರೂಪ್ ಮಾಡಿಕೊಳ್ಳುವುದು. ನೋಡಿ ಬಂದವರನ್ನು ಒಬ್ಬೊಬ್ಬರಾಗಿ ಸೇರಿಸಿಕೊಂಡು ಎಷ್ಟು ಬೇಕಾದರೂ ಜಗಳ ಮಾಡಬಹುದು.

ಚಿತ್ರಮಂದಿರದೊಳಗೆ ಕ್ಲೈಮ್ಯಾಕ್ಸನ್ನೇ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕುವುದು ಶಿಷ್ಟಾಚಾರದ ಪ್ರಶ್ನೆಯೇ ಅಲ್ಲ, ಅಪರಾಧ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಹಾಗೆ ರೆಕಾರ್ಡ್ ಮಾಡಿ ಹಂಚುವುದಕ್ಕೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದಿಂದ ಶುರುವಾಗುವ ದಂಡ.

ಕೊನೆ ಹೇಳಲೇಬೇಕಾದ ಸಂದರ್ಭವೂ ಉಂಟು, ಅಲ್ಲಿ ಬಿಗಿಯಾಗಿ ಕೂರುವುದು ಸರಿಯಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ತಾಯಿ ಕೇಳಿದರೆ ನೇರ ಉತ್ತರ ಕೊಡಬೇಕು. ಈಗ ಸರ್ಟಿಫಿಕೇಟಿನಲ್ಲೇ ಯುಎ 7+, 13+, 16+ ಅಂತ ಮೂರು ಹಂತ ಇರುತ್ತದೆ, ಆದರೆ ಯಾವ ಮಗು ಯಾವುದಕ್ಕೆ ಹೆದರುತ್ತದೆ ಅಂತ ಅದರಲ್ಲಿ ಬರೆದಿರುವುದಿಲ್ಲ. “ಎರಡನೇ ಅರ್ಧದಲ್ಲಿ ಒಂದು ಆತ್ಮಹತ್ಯೆಯ ದೃಶ್ಯ ಉಂಟು, ರಕ್ತ ತೋರಿಸುತ್ತಾರೆ” ಅಂದರೆ ಸಾಕು. ಯಾರು, ಯಾಕೆ ಅಂತ ಹೇಳದೆಯೂ ಅವರಿಗೆ ಬೇಕಾದ್ದು ಸಿಕ್ಕಿತು. ಮನೆಯಲ್ಲಿ ಇತ್ತೀಚೆಗೆ ಸಾವಾದವರಿಗೆ, ಹೃದಯದ ತೊಂದರೆ ಇರುವ ಹಿರಿಯರಿಗೆ ಕೇಳದಿದ್ದರೂ ಇಷ್ಟು ಮುನ್ಸೂಚನೆ ಕೊಡುವುದು ಒಳ್ಳೆಯದು. “ನಾಯಿ ಸಾಯ್ತದಾ? ಅಷ್ಟು ಹೇಳಿ, ಇಲ್ಲದಿದ್ರೆ ನನಗೆ ಕೂರ್ಲಿಕ್ಕೆ ಆಗುವುದಿಲ್ಲ” ಅನ್ನುವ ದೊಡ್ಡಮ್ಮಂದಿರು ಇದ್ದಾರೆ. ಅವರನ್ನು ತಮಾಷೆ ಮಾಡಬಾರದು. ಬದಿಗೆ ಕರೆದು ನಾಯಿಯ ವಿಷಯ ಮಾತ್ರ ಹೇಳಿ, ನಾಯಿಯ ಯಜಮಾನನದ್ದು ಬೇಡ.

ಅಕಸ್ಮಾತ್ ಬಾಯಿ ಜಾರಿದರೆ ಅಲ್ಲಿಗೇ ನಿಲ್ಲಿಸಿ. “ಅದು ಮುಖ್ಯ ವಿಷಯ ಅಲ್ಲ, ನಿಜವಾದದ್ದು ಬೇರೆ ಉಂಟು” ಅಂತ ಸಮಾಧಾನ ಮಾಡಲಿಕ್ಕೆ ಹೋದರೆ ಉಳಿದದ್ದೂ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಾದರೆ ಮೆಸೇಜ್ ತಿದ್ದಲಿಕ್ಕೆ 15 ನಿಮಿಷ ಇರುತ್ತದೆ, ಎಲ್ಲರಿಗೂ ಅಳಿಸಲಿಕ್ಕೆ ಎರಡು ದಿನಕ್ಕೂ ಹೆಚ್ಚು. ‘ಎಲ್ಲರಿಗೂ ಅಳಿಸಿ’ ಒತ್ತುವ ಬದಲು ಗಡಿಬಿಡಿಯಲ್ಲಿ ‘ನನಗೆ ಮಾತ್ರ ಅಳಿಸಿ’ ಒತ್ತಬೇಡಿ. ಹಾಗಾದರೆ ಕೊನೆ ಎಲ್ಲರ ಫೋನಿನಲ್ಲೂ ಉಳಿದು ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ. ಆ ಹೊತ್ತಿಗೆ ಕೆಳಗೆ ಕೆಲವೇ ಸೆಕೆಂಡ್ ಕಾಣುವ ‘ಅನ್‌ಡೂ’ ಒತ್ತಿ, ಮೆಸೇಜ್ ವಾಪಸ್ ತರಿಸಿ, ಸರಿಯಾದದ್ದನ್ನು ಒತ್ತಿ.